ಮುಮ್ಮಡಿ ಕೃಷ್ಣರಾಜ ಒಡೆಯರ್

ಮುಮ್ಮಡಿ ಕೃಷ್ಣರಾಜ ಒಡೆಯರ್ (1794 ಜುಲೈ 14 – 1868 ಮಾರ್ಚ್ 27) ಮೈಸೂರು ಸಂಸ್ಥಾನದ ಅರಸರು, ಗ್ರಂಥಕರ್ತರು ಹಾಗೂ ಕಲಾಪೋಷಕರು. ಟಿಪ್ಪು ಸುಲ್ತಾನನ ಪತನದ ನಂತರ ಐದು ವರ್ಷ ತುಂಬುವ ಮೊದಲೇ ಸಿಂಹಾಸನವೇರಿದ ಇವರು 1831ರಲ್ಲಿ ಆಡಳಿತಾಧಿಕಾರವನ್ನು ಕಳೆದುಕೊಂಡರು. ಬಾಳಿನ ಉಳಿದ 37 ವರ್ಷಗಳನ್ನು ಅಧಿಕಾರವಿಲ್ಲದ ಅರಸರಾಗಿಯೇ ಕಳೆದರು. ಶಾಲಾ ಪಠ್ಯಗಳು ಇವರ ಕಥೆಯನ್ನು 1831ರ ಒಂದು ವಾಕ್ಯದಲ್ಲಿ ಮುಗಿಸಿಬಿಡುವುದುಂಟು. ಆದರೆ ಶ್ರೀತತ್ತ್ವನಿಧಿ ಎಂಬ ಬೃಹತ್ ಸಚಿತ್ರ ಗ್ರಂಥ, ಮೈಸೂರು ಶೈಲಿಯ ಚಿತ್ರಕಲೆಯ ಏಳಿಗೆ ಮತ್ತು ಮೈಸೂರು ಛದ ಎಂದು ಹೆಸರಾದ ಗಂಜೀಫಾ ಎಲೆಯಾಟಗಳು ಇವರ ಹೆಸರಿನೊಂದಿಗೆ ಅಗಲದಂತೆ ಸೇರಿಕೊಂಡಿವೆ.

ಜನನ ಮತ್ತು ಪಟ್ಟಾಭಿಷೇಕ

ಇವರು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ತಂದೆ ಖಾಸಾ ಚಾಮರಾಜ ಒಡೆಯರ್, ತಾಯಿ ಕೆಂಪನಂಜಮ್ಮಣ್ಣಿ. ಮಗುವಿಗೆ ಎರಡು ವರ್ಷವಾಗುವ ಹೊತ್ತಿಗೆ ತಂದೆ ತೀರಿಕೊಂಡರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ವಶವಾಯಿತು. ಅದೇ ವರ್ಷ ಜೂನ್ 30ರಂದು ಮೈಸೂರಿನಲ್ಲಿ ಬಾಲಕನಿಗೆ ಪಟ್ಟ ಕಟ್ಟಲಾಯಿತು. ರಾಣಿ ಲಕ್ಷ್ಮಮ್ಮಣ್ಣಿಯವರು ರಾಜಪ್ರತಿನಿಧಿಯಾಗಿಯೂ, ಟಿಪ್ಪುವಿನ ಕಾಲದಿಂದಲೇ ಮಂತ್ರಿಯಾಗಿದ್ದ ಪೂರ್ಣಯ್ಯನವರು ದಿವಾನರಾಗಿಯೂ ರಾಜ್ಯವನ್ನು ನಡೆಸಿದರು. ಒಪ್ಪಂದದ ಪ್ರಕಾರ ಸಂಸ್ಥಾನವು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹಗಳನ್ನು ತೆರಬೇಕಾಗಿತ್ತು. ಮುಂದಿನ ಕಷ್ಟಗಳಿಗೆ ಈ ಹೊರೆಯೂ ಒಂದು ಕಾರಣವೆಂಬುದನ್ನು ಮರೆಯಬಾರದು.

ಅಧಿಕಾರ ಮತ್ತು ಅದರ ನಷ್ಟ

1811ರಲ್ಲಿ ಪೂರ್ಣಯ್ಯನವರು ನಿವೃತ್ತರಾದರು. ಹದಿನಾರು ಹದಿನೇಳರ ತರುಣ ಅರಸರು ಆಡಳಿತವನ್ನು ಕೈಗೆ ತೆಗೆದುಕೊಂಡರು. ದಾನಧರ್ಮ, ಉತ್ಸವ, ವಿದ್ವಾಂಸರ ಪೋಷಣೆಗಳಲ್ಲಿ ಅವರ ಕೈ ಧಾರಾಳವಾಗಿತ್ತು. ಕೆಂಪುನಾರಾಯಣನ ಮುದ್ರಾಮಂಜೂಷ 1823ರಲ್ಲಿ ರಚಿತವಾದುದು ಇವರ ಕಾಲದಲ್ಲಿಯೇ. ಚಾಮುಂಡಿ ಬೆಟ್ಟದ ದೇವಾಲಯದ ಗೋಪುರ 1827ರಲ್ಲಿ, ಅರಮನೆಯ ಕೋಟೆಯೊಳಗಿನ ಪ್ರಸನ್ನ ಕೃಷ್ಣಸ್ವಾಮಿ ದೇವಾಲಯ 1829ರಲ್ಲಿ ಪೂರ್ಣಗೊಂಡವು. ಇತ್ತ ಕಂದಾಯ ವಸೂಲಿಯ ಅಧಿಕಾರಿಗಳ ಕಿರುಕುಳದಿಂದ ರೈತರು ಬೇಸತ್ತಿದ್ದರು. 1830ರಲ್ಲಿ ನಗರ ಸೀಮೆಯಲ್ಲಿ ದಂಗೆ ಎದ್ದಿತು. ಅದನ್ನೇ ಕಾರಣವಾಗಿಟ್ಟುಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರ ಅಕ್ಟೋಬರಿನಲ್ಲಿ ಆಡಳಿತವನ್ನು ಕಂಪನಿಯ ಕಮಿಷನರುಗಳಿಗೆ ಒಪ್ಪಿಸಿದನು. ಅನಂತರದ ವಿಚಾರಣಾ ಸಮಿತಿಯು ದೋಷವನ್ನೆಲ್ಲ ಅರಸರೊಬ್ಬರ ತಲೆಗೇ ಕಟ್ಟಲಿಲ್ಲವಾದರೂ ಹೋದ ಅಧಿಕಾರ ಮರಳಲಿಲ್ಲ. ವರ್ಷಕ್ಕೆ 1 ಲಕ್ಷ ವರಹ ಮತ್ತು ರಾಜ್ಯದ ನಿವ್ವಳ ಆದಾಯದ ಐದನೆಯ ಒಂದು ಪಾಲು ಅರಸರಿಗೆ ಸಲ್ಲುತ್ತಿತ್ತು. 1834ರಿಂದ 1861ರವರೆಗೆ ರಾಜ್ಯವನ್ನು ನಡೆಸಿದವನು ಕಮಿಷನರ್ ಮಾರ್ಕ್ ಕಬ್ಬನ್. ಅಂದರೆ ಅರಮನೆ ಅರಸರದು, ಕಚೇರಿ ಕಬ್ಬನ್ನನದು.

ಶ್ರೀತತ್ತ್ವನಿಧಿ

ಅಧಿಕಾರವಿಲ್ಲದ ಅರಮನೆ ಈ ಅವಧಿಯಲ್ಲಿ ಒಂದು ದೊಡ್ಡ ಕಾರ್ಯಾಗಾರವಾಯಿತು. ಪಂಡಿತರು, ಲಿಪಿಕಾರರು, ಚಿತ್ರಕಾರರು ಕೂಡಿ ಅರಸರ ಮಾರ್ಗದರ್ಶನದಲ್ಲಿ ಸಿದ್ಧಪಡಿಸಿದ ಶ್ರೀತತ್ತ್ವನಿಧಿಯು ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂಬ ಒಂಬತ್ತು ನಿಧಿಗಳನ್ನು ಒಳಗೊಂಡಿದೆ. ದೇವತಾಮೂರ್ತಿಗಳ ಬಣ್ಣ, ಆಯುಧ, ವಾಹನಗಳನ್ನು ತಿಳಿಯಬಯಸುವವರಿಗೆ ಇದು ಇಂದಿಗೂ ಆಕರಗ್ರಂಥ. ಕೊನೆಯದಾದ ಕೌತುಕನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳಿವೆ. ಈ ಭಾಗವನ್ನು 1996ರಲ್ಲಿ ಎನ್. ಇ. ಸ್ಯೋಮನ್ ಪ್ರಕಟಿಸಿದ ಮೇಲೆ ಗ್ರಂಥದ ಹೆಸರು ವಿದೇಶಗಳಿಗೂ ಹಬ್ಬಿತು. ಎಲೆಯಾಟಗಳ ವಿವರಣೆ ಇರುವುದೂ ಕೌತುಕನಿಧಿಯಲ್ಲಿಯೇ.

ಮೈಸೂರು ಛದ

ಗಂಜೀಫಾ ಎಂಬುದು ದುಂಡನೆಯ ಎಲೆಗಳ ಆಟ. 1527ರಲ್ಲಿ ಬಾಬರನು ಸಿಂಧ್‌ನ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಕಥನದಲ್ಲಿದೆ. ಮೊಗಲರ ಕಟ್ಟಿನಲ್ಲಿ 8 ಬಣ್ಣಗಳು, 96 ಎಲೆಗಳು. ಹಿಂದೂ ಕಲಾವಿದರ ಕೈಯಲ್ಲಿ ಅದು ದಶಾವತಾರ ಗಂಜೀಫಾ ಆಯಿತು: 10 ಅವತಾರಗಳು, ಒಂದೊಂದಕ್ಕೆ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು, ಒಟ್ಟು 120. ಹಗಲಿನಲ್ಲಾದರೆ ರಾಮನ ಎಲೆ ಹಿಡಿದವನು, ರಾತ್ರಿಯಲ್ಲಾದರೆ ಕೃಷ್ಣನ ಎಲೆ ಹಿಡಿದವನು ಆಟವನ್ನು ಆರಂಭಿಸಬೇಕು. ದುಂಡೆಲೆಗಳನ್ನು ಇಸ್ಪೀಟಿನಂತೆ ಕೈಯಲ್ಲಿ ಕಲೆಸಲಾಗದು. ನೆಲದ ಮೇಲೆ ಬಟ್ಟೆ ಹಾಸಿ ಎಲೆಗಳನ್ನು ಹರಡಿ ಕಲೆಸುತ್ತಾರೆ.

ಮುಮ್ಮಡಿಯವರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಎಲೆ ಎಂಬ ಅರ್ಥದ ಛದ ಶಬ್ದವನ್ನು ಹೆಸರಿಗೆ ಸೇರಿಸಿ ಅನೇಕ ಹೊಸ ಆಟಗಳನ್ನು ಅವರು ರೂಪಿಸಿದರು. ಚಾಮುಂಡೇಶ್ವರಿ ಛದದಲ್ಲಿ 320 ಎಲೆಗಳಿದ್ದರೆ, ಅತಿ ದೊಡ್ಡ ಕಟ್ಟು 360 ಎಲೆಗಳಷ್ಟಾಯಿತು. ಸಾಮಾನ್ಯವಾಗಿ ಒಂದು ಬಣ್ಣಕ್ಕೆ 12 ಅಂಕಿಯ ಎಲೆಗಳು, 6 ಚಿತ್ರದ ಎಲೆಗಳು. ಇದಲ್ಲದೆ, ಸದಾಕಾಲ ತುರುಫಾಗಿಯೇ ಉಳಿಯುವ ಎಲೆಗಳನ್ನೂ ಅಳವಡಿಸಿದರು. ಯೂರೋಪಿನ ಟ್ಯಾರೋ ಕಟ್ಟನ್ನು ಬಲ್ಲವರಿಗೆ ಇದು ಪರಿಚಿತವೆನಿಸೀತು: 15ನೆಯ ಶತಮಾನದಲ್ಲಿ ಇಟಲಿಯಲ್ಲಿ ಹುಟ್ಟಿದ ಟ್ಯಾರೋದ 78 ಎಲೆಗಳಲ್ಲಿ 22 ತುರುಫಿನವು. ಅದೂ ಮೊದಲು ಆಟವೇ ಆಗಿತ್ತು. ಅದರಿಂದ ಭವಿಷ್ಯ ನೋಡುವ ರೂಢಿ ಬೆಳೆದದ್ದು 18ನೆಯ ಶತಮಾನದ ಫ್ರಾನ್ಸಿನಲ್ಲಿ. ಛದಕ್ಕೆ ಶಕುನದ ಸೋಂಕಿಲ್ಲ. ಆಡುವವನಿಗೆ ಪುರಾಣ ಗೊತ್ತಿರಬೇಕು, ನೆನಪು ಚುರುಕಾಗಿರಬೇಕು, ಅಷ್ಟೆ.

ಎಲೆಗಳು ಮತ್ತು ಪೆಟ್ಟಿಗೆ

ಅರಮನೆಗೆ ತಯಾರಾದ ಸೊಗಸಿನ ಎಲೆಗಳಿಗೆ ದರಬಾರಿ ಕಲಂ ಎಂದೂ, ಜನಸಾಮಾನ್ಯರ ಅಗ್ಗದ ಎಲೆಗಳಿಗೆ ಬಜಾರ್ ಕಲಂ ಎಂದೂ ಹೆಸರು. ಸಿರಿವಂತರ ಎಲೆಗಳು ದಂತದಿಂದ ಅಥವಾ ಆಮೆಚಿಪ್ಪಿನಿಂದ ಆಗುತ್ತಿದ್ದವು. ಉಳಿದವಕ್ಕೆ ಬಟ್ಟೆ ಅಥವಾ ಕಾಗದದ ಪದರಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಒಣಗಿಸಿ, ದುಂಡಗೆ ಕತ್ತರಿಸಿ, ಬಣ್ಣ ಬಳಿದು, ಅರಗಿನ ಮೆರುಗು ಕೊಡುತ್ತಿದ್ದರು. ಕೊಪ್ಪಳದ ಬಳಿಯ ಕಿನ್ನಾಳದ ಗೊಂಬೆಗಳನ್ನು ಮಾಡುವವರೂ ಹುಣಸೆ ಬೀಜದ ಅಂಟನ್ನೇ ಬಳಸುತ್ತಾರೆ.

ಎಲೆಗಳಷ್ಟೇ ಮುಖ್ಯವಾದುದು ಅವುಗಳ ಪೆಟ್ಟಿಗೆ. ಗಂಜೀಫಾ ಪೆಟ್ಟಿಗೆಯು ತೆಳುವಾದ ಹಲಗೆಗಳಿಂದ ಮಾಡಿದ ಉದ್ದನೆಯ ಮರದ ಡಬ್ಬಿ. ಮುಚ್ಚಳಕ್ಕೆ ಕೀಲು ಇರುವುದಿಲ್ಲ; ಎರಡು ಬದಿಯ ತೋಡುಗಳಲ್ಲಿ ಸರಿದು ಕೂರುತ್ತದೆ. ಹೊರಮೈಗೆ ಬಿಳಿಯ ಲೇಪ ಹಾಕಿ, ನುಣುಪು ಮಾಡಿ, ಒಳಗಿನ ಎಲೆಗಳ ದೇವತೆಗಳನ್ನೋ ಬಳ್ಳಿಹೂಗಳನ್ನೋ ಚಿತ್ರಿಸಿ, ಮೇಲೆ ಮೆರುಗೆಣ್ಣೆ ಬಳಿಯುತ್ತಾರೆ. ಎಲೆ ಬರೆದ ಚಿತ್ರಕಾರನ ಕುಂಚವೇ ಪೆಟ್ಟಿಗೆಯ ಮೇಲೂ ಆಡಿರುವುದರಿಂದ ಎರಡೂ ಒಂದೇ ಕೃತಿಯೆಂದು ಭಾವಿಸುವುದು ಉಚಿತ. ಇದು ಬರಿಯ ಅಲಂಕಾರವೂ ಅಲ್ಲ. ಒಂದು ಎಲೆ ಒಂದು ಮಿಲಿಮೀಟರು ದಪ್ಪವೆಂದು ಹಿಡಿದರೂ 360 ಎಲೆಗಳನ್ನು ಒಂದರ ಮೇಲೊಂದು ಇಟ್ಟರೆ 36 ಸೆಂಟಿಮೀಟರಿನ ಕಂಬವಾಗುತ್ತದೆ. ಹಲವು ಸಾಲುಗಳಾಗಿ ಜೋಡಿಸದೆ ಗತಿಯಿಲ್ಲ. ಅರಗಿನ ಮೆರುಗಿಗೆ ಬಿಸಿಲು ಆಗದು, ಅಂಟಿಗೆ ತೇವ ಆಗದು. ಎಲ್ಲಕ್ಕಿಂತ ಮಿಗಿಲಾಗಿ, ಒಂದೇ ಒಂದು ಎಲೆ ಕಳೆದುಹೋದರೆ ಇಡೀ ಕಟ್ಟು ಆಟಕ್ಕೆ ಬಾರದು. ಟ್ಯಾರೋ ಎಲೆಗಳಿಗೆ ಇಂದು ಕೈಯಿಂದ ಚಿತ್ರಿತ ಪೆಟ್ಟಿಗೆ ಮಾಡುವವರು ಎದುರಿಸುವುದೂ ಇದೇ ಲೆಕ್ಕಾಚಾರವನ್ನು.

ನೆರೆಯ ಸಾವಂತವಾಡಿಯಲ್ಲಿ ಎಲೆ ಮತ್ತು ಪೆಟ್ಟಿಗೆ ಎರಡೂ ಇಂದಿಗೂ ತಯಾರಾಗುತ್ತಿವೆ. ಧಾರವಾಡ ಸೀಮೆಯು ಮುಮ್ಮಡಿಯವರ ಆಳ್ವಿಕೆಗೆ ಒಳಪಟ್ಟಿರಲಿಲ್ಲ. 1818ರ ನಂತರ ಅದು ಬ್ರಿಟಿಷರ ಅಧೀನದಲ್ಲಿತ್ತು. ಆದರೂ ಆಟವನ್ನು ಕಲೆಯಾಗಿಸುವ ಮನಸ್ಸು ಇಲ್ಲಿಯೂ ಇತ್ತು. ಅಣ್ಣಿಗೇರಿಗೆ ನೆರೆಯ ನವಲಗುಂದದ ಜಮಖಾನಗಳಲ್ಲಿ ಪಗಡೆಯ ಹಾಸನ್ನೇ ನೇಯುವ ಸಂಪ್ರದಾಯವಿದೆ.

ಚದುರಂಗ ಮತ್ತು ಚಿತ್ರಕಲೆ

ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಲ ಇಳಿಸುವ ಸಮಸ್ಯೆಗೆ ಇವರು ಹಲವು ಪರಿಹಾರಗಳನ್ನು ಕಂಡುಹಿಡಿದಿದ್ದರು. ಉಬ್ಬು ಲೇಪದ ಮೇಲೆ ಚಿನ್ನದ ರೇಕು ಕೂರಿಸುವ ಮೈಸೂರು ಚಿತ್ರಶೈಲಿಯು ಇವರ ಆಶ್ರಯದಲ್ಲಿ ಉಚ್ಛ್ರಾಯಕ್ಕೆ ಬಂದಿತು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಭಿತ್ತಿಚಿತ್ರಗಳು ಅದಕ್ಕೆ ಸಾಕ್ಷಿ. 1833ರಲ್ಲಿ ಇವರು ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯನ್ನೂ ತೆರೆದರು. ಮಹಾರಾಜ ಕಾಲೇಜಿನ ಮೂಲ ಅದೇ.

ಇಷ್ಟೆಲ್ಲವನ್ನೂ ಸೋತ ಅರಸನ ಕಾಲಹರಣವೆಂದು ಕರೆಯುವವರಿದ್ದಾರೆ. ಆ ಮಾತು ಪೂರ್ತಿ ಸರಿಯಲ್ಲ. ಆಟಗಳ ನಡುವೆಯೂ ಅರಸರು ರಾಜ್ಯವನ್ನು ಮರೆತಿರಲಿಲ್ಲ.

ದತ್ತು ಸ್ವೀಕಾರ ಮತ್ತು ಅಂತ್ಯ

ಅಧಿಕಾರವನ್ನು ಮರಳಿಸಬೇಕೆಂದು ಇವರು ಒಬ್ಬರಾದ ಮೇಲೊಬ್ಬ ಗವರ್ನರ್ ಜನರಲ್‌ಗೆ ಮನವಿ ಸಲ್ಲಿಸುತ್ತಲೇ ಹೋದರು. ಮನವಿಗಳು ತಿರಸ್ಕೃತವಾಗುತ್ತಲೇ ಹೋದವು. ಪಟ್ಟಕ್ಕೆ ಬರಬಲ್ಲ ಪುತ್ರಸಂತಾನವಿರಲಿಲ್ಲ. ಅರಸರ ಮರಣಾನಂತರ ಸಂಸ್ಥಾನವೇ ಬ್ರಿಟಿಷ್ ಪ್ರಾಂತ್ಯದಲ್ಲಿ ಲೀನವಾಗುವ ಭಯ ನಿಜವಾದುದೇ ಆಗಿತ್ತು. 1865ರ ಜೂನ್‌ನಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಇವರು ಎರಡು ವರ್ಷದ ಚಾಮರಾಜೇಂದ್ರನನ್ನು ದತ್ತು ಪಡೆದರು. ಬ್ರಿಟಿಷ್ ಸರ್ಕಾರವು ಮೊದಲು ಒಪ್ಪಲಿಲ್ಲ. 1867ರಲ್ಲಿ ಲಂಡನ್ನಿನಿಂದ ಮನ್ನಣೆಯ ಆದೇಶ ಬಂದಿತು. ಮರುವರ್ಷ ಮಾರ್ಚ್ 27ರಂದು ಅರಸರು ಮೈಸೂರಿನಲ್ಲಿ ನಿಧನರಾದರು. ಆ ಬಾಲಕನ ಕೈಗೆ ರಾಜ್ಯವು 1881ರ ಮಾರ್ಚ್ 25ರಂದು ಮರಳಿತು.

ಛದಗಳು ಅರಮನೆಯಾಚೆಗೆ ಹೆಚ್ಚು ಹರಡಲಿಲ್ಲ. ಅಚ್ಚಿನ ಇಸ್ಪೀಟು ಅಗ್ಗವಾಗಿ ಸಿಗತೊಡಗಿದ ಮೇಲೆ ಆಡುವವರೂ ಕಡಿಮೆಯಾದರು. ಆಟದ ನಿಯಮ, ಎಲೆಗಳ ರೂಪಗಳನ್ನು ರುಡಾಲ್ಫ್ ಫಾನ್ ಲೇಡನ್ ಶ್ರೀತತ್ತ್ವನಿಧಿಯ ನೆರವಿನಿಂದ ಅಧ್ಯಯನ ಮಾಡಿದರು. ಎಲೆ ಬರೆಯುವ ಕಲೆಗೆ ಶ್ರೀರಂಗಪಟ್ಟಣದಲ್ಲಿ ನೆಲೆಸಿದ್ದ ಗಂಜೀಫಾ ರಘುಪತಿ ಭಟ್ಟರು ಮರುಜೀವ ಕೊಟ್ಟರು. ಮೈಸೂರು ಗಂಜೀಫಾ ಎಲೆಗಳು ಈಗ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿವೆ.