ದಾರಿತಪ್ಪಿದ ಮಕ್ಕಳ ತಾಯಿ ಮೇರಿ ಕಾರ್ಪೆಂಟರ್

ನಾನಾ ರಾಷ್ಟ್ರಗಳವರು ತಮ್ಮ ತಮ್ಮ ನಿಯೋಗಗಳನ್ನು ಒಂದೆಡೆಗೆ ಕಳುಹಿಸಿ, ಅಪರಾಧಗಳನ್ನು ತಡೆಯುವ ಬಗೆ ಯಾವುದು, ಸೆರೆಯಾಳುಗಳನ್ನು ನಡೆಸಿಕೊಳ್ಳತಕ್ಕ ರೀತಿ ಯಾವುದು ಎಂದು ಕೂಡಿ ಆಲೋಚಿಸುವ ಪದ್ಧತಿಯು ಈ ಕಾಲದಲ್ಲಿ ಬಳಕೆಗೆ ಬಂದಿದೆ. 1955ರಿಂದ ವಿಶ್ವಸಂಸ್ಥೆಯು ಸಾಮಾನ್ಯವಾಗಿ ಐದೈದು ವರ್ಷಗಳಿಗೊಮ್ಮೆ ಇಂಥ ಮಹಾಸಭೆಯನ್ನು ನೆರೆಯಿಸುತ್ತ ಬಂದಿದೆ. ಆದರೆ ಈ ಪದ್ಧತಿಯ ಬೇರು ಇನ್ನೂ ಹಿಂದಕ್ಕೆ, 1872ರಲ್ಲಿ ಲಂಡನ್ ನಗರದಲ್ಲಿ ಕೂಡಿದ ಸಭೆಗೆ ಹೋಗುತ್ತದೆ. ಅಲ್ಲಿ ನೆರೆದ ಮಂತ್ರಿಗಳು, ನ್ಯಾಯಾಧೀಶರು, ಸೆರೆಮನೆಯ ಅಧಿಕಾರಿಗಳು ಇವರ ನಡುವೆ ಅರುವತ್ತೈದು ವರ್ಷ ವಯಸ್ಸಿನ ಒಬ್ಬ ಉಪಾಧ್ಯಾಯಿನಿಯೂ ಇದ್ದಳು. ಆಕೆಯೇ ಕುಮಾರಿ ಮೇರಿ ಕಾರ್ಪೆಂಟರ್. ನಮ್ಮ ಶಾಲೆಯ ಈ ಸಂಚಿಕೆಯಲ್ಲಿ ಆಕೆಯ ಜೀವಿತವನ್ನು ಸಂಕ್ಷೇಪವಾಗಿ ಹೇಳಲು ಅಪೇಕ್ಷಿಸುತ್ತೇವೆ.

ಮೇರಿ ಕಾರ್ಪೆಂಟರಳು 1807ನೆಯ ಇಸವಿ ಏಪ್ರಿಲ್ 3ರಲ್ಲಿ ಇಂಗ್ಲೆಂಡಿನ ಎಕ್ಸಿಟರ್ ಎಂಬ ಪಟ್ಟಣದಲ್ಲಿ ಜನಿಸಿದಳು. ತಂದೆ ಲಾಂಟ್ ಕಾರ್ಪೆಂಟರ್ ಎಂಬವರು ಯೂನಿಟೇರಿಯನ್ ಪಂಗಡದ ಬೋಧಕರು. ದೇವರ ತ್ರಿತ್ವದ ವಿಷಯದಲ್ಲಿ ಆ ಪಂಗಡದವರ ಮತವು ನಮ್ಮ ಸಭೆಯ ವಿಶ್ವಾಸಕ್ಕಿಂತ ಭಿನ್ನವಾದದ್ದು. ಆದರೂ ಮರದ ಗುಣವು ಫಲದಿಂದ ತಿಳಿಯುವುದೆಂಬುದನ್ನು ನಾವು ಮರೆಯಲಾರೆವು. 1817ರಲ್ಲಿ ಕುಟುಂಬವು ಬ್ರಿಸ್ಟಲ್ ಪಟ್ಟಣಕ್ಕೆ ಬಂದು ನೆಲಸಿತು. ತಂದೆಯು ಗಂಡುಹುಡುಗರಿಗಾಗಿ ನಡೆಸುತ್ತಿದ್ದ ಶಾಲೆಯಲ್ಲಿಯೇ ಮೇರಿಯು ಗಣಿತ, ಪ್ರಕೃತಿಶಾಸ್ತ್ರ, ಲ್ಯಾಟಿನ್, ಗ್ರೀಕ್ ಮುಂತಾದವುಗಳನ್ನು ಕಲಿತಳು. ಹೆಣ್ಣುಮಕ್ಕಳಿಗೆ ಹೊಲಿಗೆ, ಸಂಗೀತಗಳಷ್ಟೇ ಸಾಕೆಂದು ಬಹುಜನರು ಎಣಿಸಿದ್ದ ಕಾಲದಲ್ಲಿ ಇದು ದೊಡ್ಡ ಭಾಗ್ಯವೇ ಸರಿ. 1829ರಲ್ಲಿ ಆಕೆಯು ತಾಯಿ ಮತ್ತು ತಂಗಿಯರೊಡನೆ ಸೇರಿ ಬ್ರಿಸ್ಟಲಿನಲ್ಲಿ ಒಂದು ಬಾಲಿಕಾ ಶಾಲೆಯನ್ನು ತೆರೆದಳು.

1833ನೆಯ ವರ್ಷವು ಆಕೆಯ ಬಾಳಿನಲ್ಲಿ ಎರಡು ದೀಪಗಳನ್ನು ಹಚ್ಚಿತು. ಒಂದನೆಯದು, ಅಮೇರಿಕದ ಬೋಸ್ಟನ್ ಪಟ್ಟಣದಲ್ಲಿ ಬಡವರ ಮನೆಮನೆಗೂ ಹೋಗಿ ಸೇವೆಮಾಡುತ್ತಿದ್ದ ಜೋಸೆಫ್ ಟಕ್ಕರ್ಮನ್ ಎಂಬವರ ಪರಿಚಯ. ಎರಡನೆಯದು, ನಮ್ಮ ದೇಶದ ರಾಜಾ ರಾಮಮೋಹನ ರಾಯರ ದರ್ಶನ. ರಾಯರು ಆ ವರ್ಷ ಬ್ರಿಸ್ಟಲಿಗೆ ಬಂದು, ಕಾರ್ಪೆಂಟರ್ ಕುಟುಂಬದವರಿಗೆ ಆಪ್ತರಾಗಿ, ಸೆಪ್ಟೆಂಬರ್ ತಿಂಗಳಲ್ಲಿ ಅಲ್ಲಿಯೇ ಕಾಲವಾದರು. ಹಿಂದೂದೇಶದ ಸ್ತ್ರೀಯರ ಸ್ಥಿತಿಯ ಚಿಂತೆಯು ಅಂದು ಮೇರಿಯ ಮನಸ್ಸಿನಲ್ಲಿ ಬಿತ್ತಲ್ಪಟ್ಟಿತು. ಆ ಬೀಜವು ಮೊಳೆಯಲು ಮೂವತ್ತಮೂರು ವರ್ಷಗಳು ಬೇಕಾದವು.

ಬ್ರಿಸ್ಟಲಿನಲ್ಲಿ ಲೂಯಿನ್ಸ್ ಮೀಡ್ ಎಂಬ ಕೇರಿಯಿತ್ತು. ಚಿಂದಿಬಟ್ಟೆಯುಟ್ಟು, ಹೊಟ್ಟೆಗಿಲ್ಲದೆ, ಯಾವ ಶಾಲೆಯವರೂ ಸೇರಿಸಿಕೊಳ್ಳದ ಮಕ್ಕಳು ಅಲ್ಲಿಯ ಬೀದಿಗಳಲ್ಲಿ ಅಲೆಯುತ್ತಿದ್ದರು. 1846ರಲ್ಲಿ ಮೇರಿಯು ಇಂಥವರಿಗಾಗಿಯೇ ಅಲ್ಲಿ ಒಂದು ಶಾಲೆಯನ್ನು ಸ್ಥಾಪಿಸಿದಳು. ಮಕ್ಕಳ ಬಳಿಯಲ್ಲಿ ಇರುತ್ತಿರುವಾಗ ಆಕೆಗೆ ಒಂದು ಸಂಗತಿಯು ಸ್ಪಷ್ಟವಾಯಿತು. ಇಂದು ತನ್ನ ಮುಂದೆ ಕುಳಿತು ಅಕ್ಷರ ಕಲಿಯುವ ಹುಡುಗನು ನಾಳೆ ಹಸಿವಿನಿಂದ ರೊಟ್ಟಿಯನ್ನು ಕದ್ದು ಸಿಕ್ಕಿಬಿದ್ದರೆ, ನ್ಯಾಯಸ್ಥಾನವು ಅವನನ್ನು ದೊಡ್ಡ ಅಪರಾಧಿಗಳಿರುವ ಸೆರೆಮನೆಗೇ ನೂಕುತ್ತಿತ್ತು. ಅಲ್ಲಿಂದ ಹೊರಬರುವಷ್ಟರಲ್ಲಿ ಅವನು ಕಳ್ಳತನದಲ್ಲಿ ಪಳಗಿದವನಾಗಿರುತ್ತಿದ್ದನು. ಹಾಗಾದರೆ ಆ ಮಗುವನ್ನು ಕೆಡಿಸಿದವರು ಯಾರು? ಕದ್ದದ್ದು ಮಗುವೇ ಆದರೂ, ಕಲಿಸಿದ್ದು ಸೆರೆಮನೆಯಲ್ಲವೇ? ಈ ಪ್ರಶ್ನೆಯು ಆಕೆಯನ್ನು ಕೊನೆಯವರೆಗೂ ಬಿಡಲಿಲ್ಲ.

1851ರಲ್ಲಿ ಆಕೆಯು ಇಂಥ ಮಕ್ಕಳಿಗೆ ಬೇಕಾದ ಸುಧಾರಣಾ ಶಾಲೆಗಳ ವಿಷಯವಾಗಿ ಒಂದು ಪುಸ್ತಕವನ್ನು ಪ್ರಕಟಿಸಿದಳು. ಶಿಕ್ಷೆಯ ಭಯದಿಂದ ಮಗುವು ತಿದ್ದಿಕೊಳ್ಳುವುದಿಲ್ಲ, ಪ್ರೀತಿಯಿಂದಲೂ ಕೆಲಸದಿಂದಲೂ ತನ್ನ ಮೇಲೆ ಒಬ್ಬರಿಗೆ ನಂಬಿಕೆಯುಂಟೆಂಬ ಅರಿವಿನಿಂದಲೂ ತಿದ್ದಿಕೊಳ್ಳುತ್ತದೆಂಬುದು ಅದರ ಸಾರ. ಅದೇ ವರ್ಷದ ಡಿಸೆಂಬರಿನಲ್ಲಿ, ಮ್ಯಾಥ್ಯೂ ಡೆವನ್‌ಪೋರ್ಟ್ ಹಿಲ್ ಎಂಬ ನ್ಯಾಯಾಧಿಕಾರಿಯ ಸಹಾಯದಿಂದ, ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಸಮ್ಮೇಳನವು ಕೂಡಿತು. ಅದಕ್ಕಾಗಿ ಶ್ರಮಪಟ್ಟವಳು ಮೇರಿಯೇ. ಆದರೂ ಸಭೆಯಲ್ಲಿ ಆಕೆಯು ಒಂದು ಮಾತನ್ನೂ ಆಡಲಿಲ್ಲ. ಗಂಡಸರ ಸಭೆಯಲ್ಲಿ ಸ್ತ್ರೀಯು ಬಾಯಿ ತೆರೆಯುವುದು ಮರ್ಯಾದೆಯಲ್ಲವೆಂದು ಆ ಕಾಲದವರು ತಿಳಿದಿದ್ದರು. ಆಕೆಯೂ ಹಾಗೆಯೇ ತಿಳಿದಿದ್ದಳು. ತಾನು ತಿಳಿದದ್ದನ್ನು ಬೇರೆಯವರ ಬಾಯಿಂದ ಕೇಳುತ್ತ ಆಕೆಯು ಸುಮ್ಮನೆ ಕುಳಿತಿದ್ದಳು.

ಆದರೆ ಸುಮ್ಮನಿದ್ದದ್ದು ನಾಲಿಗೆ ಮಾತ್ರ, ಕೈಗಳಲ್ಲ. 1852ರಲ್ಲಿ ಬ್ರಿಸ್ಟಲಿನ ಹತ್ತಿರದ ಕಿಂಗ್ಸ್‌ವುಡ್ ಎಂಬಲ್ಲಿ, ಹಿಂದೆ ಜಾನ್ ವೆಸ್ಲಿಯವರ ಶಾಲೆಯಿದ್ದ ಕಟ್ಟಡದಲ್ಲಿ, ಆಕೆಯು ಸುಧಾರಣಾ ಶಾಲೆಯನ್ನು ತೆರೆದಳು. ಮೊದಲು ಹುಡುಗರನ್ನೂ ಹುಡುಗಿಯರನ್ನೂ ಅಲ್ಲಿಯೇ ಇಟ್ಟಿದ್ದು, ಅದು ಸರಿಹೋಗದೆ ಇದ್ದುದರಿಂದ, 1854ರಲ್ಲಿ ಹುಡುಗಿಯರಿಗಾಗಿ ರೆಡ್ ಲಾಡ್ಜ್ ಎಂಬ ಹಳೆಯ ಮನೆಯಲ್ಲಿ ಪ್ರತ್ಯೇಕ ಶಾಲೆಯು ಆರಂಭವಾಯಿತು. ಆ ಮನೆಯನ್ನು ಕೊಂಡುಕೊಟ್ಟವಳು ಬೈರನ್ ಕವಿಯ ವಿಧವೆಯಾದ ಲೇಡಿ ಬೈರನ್. ಅಲ್ಲಿಗೆ ಬಂದ ಹುಡುಗಿಯರು ಸಾಧುಗಳಾಗಿ ಬಂದವರಲ್ಲ. ಆರಂಭದ ದಿನಗಳು ಬಹಳ ಕಷ್ಟದವು. ಒಂದು ಮಗುವಿನ ನಂಬಿಕೆಯನ್ನು ಗಳಿಸುವುದು ಎಷ್ಟು ನಿಧಾನದ ಕೆಲಸವೆಂಬುದನ್ನು ನಮ್ಮ ವೃತ್ತಿಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಮೇರಿಯು ಸೋತೆನೆಂದು ಬಾಗಿಲು ಮುಚ್ಚಲಿಲ್ಲ. ಕಡೆಯವರೆಗೂ ರೆಡ್ ಲಾಡ್ಜಿನ ಮಕ್ಕಳನ್ನು ಬಿಡಲಿಲ್ಲ. 1858ರಲ್ಲಿ ಆಕೆಯು ರೊಸಾನಾ ಎಂಬ ಎಳೆಯ ಬಾಲಿಕೆಯನ್ನು ಸಾಕುಮಗಳನ್ನಾಗಿ ಸ್ವೀಕರಿಸಿದಳು.

1852ರಲ್ಲಿ ಪಾರ್ಲಿಮೆಂಟಿನ ವಿಚಾರಣಾ ಸಮಿತಿಯು ಆಕೆಯನ್ನು ಕರೆಯಿಸಿ ಸಾಕ್ಷ್ಯವನ್ನು ಕೇಳಿತು. 1854ರಲ್ಲಿ ಬಾಲಾಪರಾಧಿಗಳನ್ನು ಸುಧಾರಣಾ ಶಾಲೆಗಳಿಗೆ ಕಳುಹಿಸಲು ಎಡೆಕೊಡುವ ಕಾನೂನು ಹುಟ್ಟಿತು. ಆದರೆ ಶಾಲೆಗೆ ಹೋಗುವ ಮೊದಲು ಮಗುವು ಕನಿಷ್ಠ 14 ದಿನಗಳನ್ನು ಸೆರೆಮನೆಯಲ್ಲಿ ಕಳೆಯಲೇಬೇಕೆಂಬ ನಿಬಂಧನೆಯು ಅದರಲ್ಲಿ ಸೇರಿತ್ತು. ಮದ್ದು ಕೊಡುವ ಮೊದಲು ವಿಷವನ್ನು ಕುಡಿಸಿದ ಹಾಗಾಯಿತೆಂದು ಆಕೆಗೆ ತೋರಿತು. ಆಕೆಯು ಇದನ್ನು ಎಡೆಬಿಡದೆ ವಿರೋಧಿಸಿದಳು. ಆ ನಿಬಂಧನೆಯು ರದ್ದಾದದ್ದು 1899ರಲ್ಲಿ, ಆಕೆ ತೀರಿಕೊಂಡು ಇಪ್ಪತ್ತೆರಡು ವರ್ಷಗಳಾದ ಮೇಲೆ.

ಮಕ್ಕಳಿಂದ ಆಕೆಯ ಲಕ್ಷ್ಯವು ವಯಸ್ಕ ಸೆರೆಯಾಳುಗಳ ಕಡೆಗೂ ಹರಿಯಿತು. 1864ರಲ್ಲಿ ಆಕೆಯು ಸೆರೆವಾಸಿಗಳನ್ನು ಕುರಿತು ಎರಡು ಸಂಪುಟಗಳ ಗ್ರಂಥವನ್ನು ಬರೆದಳು. ಐರ್ಲೆಂಡಿನಲ್ಲಿ ವಾಲ್ಟರ್ ಕ್ರಾಫ್ಟನ್ ಎಂಬವರು ನಡೆಸಿದ ಪದ್ಧತಿಯು ಆಕೆಗೆ ಬಹಳ ಮೆಚ್ಚಿಕೆಯಾಯಿತು. ಅದರಂತೆ ಸೆರೆಯಾಳು ತನ್ನ ನಡತೆಯಿಂದಲೂ ದುಡಿಮೆಯಿಂದಲೂ ಮೆಟ್ಟಲು ಮೆಟ್ಟಲಾಗಿ ಮೇಲಕ್ಕೇರಿ, ಬಿಡುಗಡೆಗೆ ಮುಂಚೆ ಹೆಚ್ಚು ಸ್ವಾತಂತ್ರ್ಯವುಳ್ಳ ಒಂದು ನಡುವಣ ನೆಲೆಯಲ್ಲಿದ್ದು, ಬಳಿಕ ಲೋಕಕ್ಕೆ ಹಿಂತಿರುಗುತ್ತಿದ್ದನು.

ಇನ್ನು ನಮ್ಮ ದೇಶದೊಡನೆ ಆಕೆಗಿದ್ದ ಸಂಬಂಧವನ್ನು ಹೇಳಬೇಕು. 1866ರಲ್ಲಿ, ತನ್ನ 59ನೆಯ ವಯಸ್ಸಿನಲ್ಲಿ, ಆಕೆಯು ಹಡಗನ್ನೇರಿ ಮುಂಬಯಿಗೆ ಬಂದಳು. ಅಹಮದಾಬಾದ್, ಸೂರತ್, ಪುಣೆ, ಮದರಾಸು, ಕಲ್ಕತ್ತೆ ಮೊದಲಾದ ಪಟ್ಟಣಗಳಲ್ಲಿ ಬಾಲಿಕಾ ಶಾಲೆಗಳನ್ನೂ ಸೆರೆಮನೆಗಳನ್ನೂ ಕಂಡಳು. ಯಾರ ಧರ್ಮಕ್ಕೂ ತಾನು ಕೈಹಾಕುವುದಿಲ್ಲವೆಂಬುದನ್ನು ಆಕೆಯು ಮೊದಲೇ ತಿಳಿಸಿದ್ದಳು. ಹೆಣ್ಣುಮಕ್ಕಳು ಸ್ವಲ್ಪ ದೊಡ್ಡವರಾದೊಡನೆ ಶಾಲೆಯನ್ನು ಬಿಡುವುದಕ್ಕೆ ಒಂದು ಮುಖ್ಯ ಕಾರಣವು ಉಪಾಧ್ಯಾಯಿನಿಯರ ಅಭಾವವೇ ಎಂದು ಆಕೆಯು ಕಂಡುಕೊಂಡು, ಸ್ತ್ರೀಯರಿಗಾಗಿ ಶಿಕ್ಷಕ ತರಬೇತಿಯ ಶಾಲೆಗಳನ್ನು ಸ್ಥಾಪಿಸಬೇಕೆಂದು ಸರ್ಕಾರವನ್ನು ಒತ್ತಾಯಪಡಿಸಿದಳು. 1868, 1869, 1875 ಈ ವರ್ಷಗಳಲ್ಲಿ ಮತ್ತೆ ಮೂರು ಸಾರಿ ಬಂದಳು. 1870ರಲ್ಲಿ ಬ್ರಿಸ್ಟಲಿನಲ್ಲಿ ಭಾರತದ ಹಿತಕ್ಕಾಗಿ ನ್ಯಾಷನಲ್ ಇಂಡಿಯನ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದಳು. ತರಬೇತಿ ಹೊಂದಿ ಪಾಠಹೇಳುವ ನಮ್ಮಂಥವರು ಆಕೆಗೆ ಋಣಿಗಳೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಬಾಲಾಪರಾಧಿಗಳನ್ನು ಶಾಲೆಗೆ ಕಳುಹಿಸುವ ಕಾನೂನು ಭಾರತದಲ್ಲಿಯೂ 1876ರಲ್ಲಿ ಬಂದಿತು.

ಈಗ ಲಂಡನ್ ಮಹಾಸಭೆಗೆ ಬರುವೆವು. ಅಮೇರಿಕದ ಈನಕ್ ವೈನ್ಸ್ ಎಂಬ ಬೋಧಕರು ಯೂರೋಪಿನ ಸರ್ಕಾರಗಳನ್ನು ಕಂಡು ಒಡಂಬಡಿಸಿದುದರ ಫಲವಾಗಿ, 1872ರ ಜುಲೈ 3ರಿಂದ 13ರವರೆಗೆ ಇಪ್ಪತ್ತಕ್ಕೂ ಮಿಕ್ಕ ರಾಷ್ಟ್ರಗಳವರು ಮಿಡ್ಲ್ ಟೆಂಪಲ್ ಎಂಬ ಪುರಾತನ ಸಭಾಮಂದಿರದಲ್ಲಿ ಕೂಡಿದರು. ಸರ್ಕಾರಗಳು ನೇಮಿಸಿದ ಪ್ರತಿನಿಧಿಗಳಲ್ಲದೆ, ಸೇವಾಸಂಘಗಳವರೂ ಸ್ವಂತ ಅನುಭವವುಳ್ಳವರೂ ಅಲ್ಲಿ ಸ್ಥಳವನ್ನು ಪಡೆದಿದ್ದರು. ಸೆರೆಯಾಳುಗಳನ್ನು ಹೊಡೆಯುವುದು ನ್ಯಾಯವೇ? ಗಡೀಪಾರು ಶಿಕ್ಷೆಯು ಇರಬೇಕೇ? ಸೆರೆಮನೆಯ ಅಧಿಕಾರಿಗಳಿಗೆ ತರಬೇತಿ ಬೇಡವೇ? ಬಿಡುಗಡೆ ಹೊಂದಿದವನಿಗೆ ಆಸರೆ ಯಾವುದು? ಇಂಥ ಪ್ರಶ್ನೆಗಳು ಚರ್ಚೆಗೆ ಬಂದವು. ಅಮೇರಿಕದಿಂದ ಜೂಲಿಯಾ ವಾರ್ಡ್ ಹೋವ್ ಮೊದಲಾದ ಸ್ತ್ರೀಯರೂ ಬಂದಿದ್ದರು. ಮೇರಿ ಕಾರ್ಪೆಂಟರಳು ಕ್ರಾಫ್ಟನರ ಪದ್ಧತಿಯನ್ನು ಕುರಿತ ಹೊಸ ಪುಸ್ತಕವೊಂದನ್ನು ಅದೇ ವರ್ಷ ಪ್ರಕಟಿಸಿ, ಮಹಾಸಭೆಯ ಕಾರ್ಯದಲ್ಲಿ ಪಾಲುಗೊಂಡು, ತಾನು ಕಂಡುಂಡದ್ದನ್ನು ಬಿಚ್ಚಿಹೇಳಿದಳು. ಇಪ್ಪತ್ತೊಂದು ವರ್ಷಗಳ ಕೆಳಗೆ ಬರ್ಮಿಂಗ್‌ಹ್ಯಾಮಿನಲ್ಲಿ ಮೌನವಾಗಿ ಕುಳಿತಿದ್ದವಳು ಈಕೆಯೇ ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು. ಆಕೆಯು ಮಾತನಾಡಲು ಕಲಿತದ್ದು ಕೀರ್ತಿಯ ಆಶೆಯಿಂದಲ್ಲ. ತಾನು ಸುಮ್ಮನಿದ್ದರೆ ಬಾಯಿಲ್ಲದ ಮಕ್ಕಳ ಪರವಾಗಿ ಮಾತನಾಡುವವರು ಕಡಿಮೆಯಾಗುವರೆಂದು ತಿಳಿದು, 1857ರಿಂದೀಚೆಗೆ ಆಕೆಯು ಸಾರ್ವಜನಿಕ ಸಭೆಗಳಲ್ಲಿ ಪ್ರಬಂಧಗಳನ್ನು ಓದುವುದನ್ನು ಅಭ್ಯಾಸಮಾಡಿಕೊಂಡಿದ್ದಳು.

ಅದೇ ವರ್ಷ ರಾಜಕುಮಾರಿ ಆಲಿಸಳ ಆಹ್ವಾನದಂತೆ ಆಕೆಯು ಜರ್ಮನಿಯ ಡಾರ್ಮ್‌ಸ್ಟಾಟಿನ ಸ್ತ್ರೀಸಮ್ಮೇಳನಕ್ಕೆ ಹೋಗಿ, ಅಲ್ಲಿಂದ ಸ್ವಿಟ್ಸರ್ಲೆಂಡಿನ ನ್ಯೂಷಾಟೆಲ್ ಸೆರೆಮನೆಯನ್ನು ನೋಡಿದಳು. 1873ರಲ್ಲಿ ಅಮೇರಿಕಕ್ಕೂ ಕೆನಡಕ್ಕೂ ಪ್ರವಾಸಮಾಡಿದಳು. 1877ರ ಜೂನ್ 14ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಬ್ರಿಸ್ಟಲಿನಲ್ಲಿ ನಿದ್ರೆಯಲ್ಲಿಯೇ ದೇವರ ಕರೆಯನ್ನು ಹೊಂದಿದಳು. ಆರ್ನೋಸ್ ವೇಲ್ ಎಂಬ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ. ಯಾರ ದರ್ಶನದಿಂದ ಆಕೆಯ ಮನಸ್ಸು ಭಾರತದ ಕಡೆಗೆ ತಿರುಗಿತೋ ಆ ರಾಮಮೋಹನ ರಾಯರ ಸಮಾಧಿಯೂ ಅಲ್ಲಿಯೇ ಇದೆ.

ಆಕೆಯಲ್ಲಿ ಕೊರತೆಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ತನ್ನ ಪುಸ್ತಕದಲ್ಲಿ ಆಕೆಯು ಬಡಮಕ್ಕಳನ್ನು ನಾಶವಾಗುವ ವರ್ಗದವರೆಂದೂ ಅಪಾಯಕರ ವರ್ಗದವರೆಂದೂ ವಿಂಗಡಿಸಿದ್ದು ಇಂದಿನವರ ಕಿವಿಗೆ ಕಠಿನವಾಗಿ ಕೇಳುತ್ತದೆ. ಮಗುವಿನ ಮೇಲೆ ಇಂಥ ಹೆಸರಿನ ಚೀಟಿಯನ್ನು ಅಂಟಿಸುವುದು ಸುಲಭ, ಕೀಳುವುದು ಕಷ್ಟ. ಆದರೆ ಆ ಹೆಸರುಗಳ ಹಿಂದೆ ಒಂದೊಂದು ಮುಖವನ್ನೂ ಗುರುತಿಟ್ಟು ಪ್ರೀತಿಸಿದವಳೂ ಆಕೆಯೇ.

ಲಂಡನಿನಲ್ಲಿ ಬಿತ್ತಿದ್ದು ವ್ಯರ್ಥವಾಗಲಿಲ್ಲ. 1878ರಲ್ಲಿ ಸ್ಟಾಕ್‌ಹೋಮಿನಲ್ಲಿಯೂ, 1885ರಲ್ಲಿ ರೋಮಿನಲ್ಲಿಯೂ, ಮುಂದೆ ಬೇರೆ ಬೇರೆ ರಾಜಧಾನಿಗಳಲ್ಲಿಯೂ ರಾಷ್ಟ್ರಗಳ ನಿಯೋಗಗಳು ಕೂಡುತ್ತ ಬಂದವು. ಬಳಿಕ ಈ ಕಾರ್ಯವನ್ನು ವಿಶ್ವಸಂಸ್ಥೆಯು ವಹಿಸಿಕೊಂಡು, 1955ರಲ್ಲಿ ಜಿನೀವದಲ್ಲಿ ಮೊದಲನೆಯ ಮಹಾಸಭೆಯನ್ನು ನಡೆಸಿತು. ಸೆರೆಯಾಳುಗಳನ್ನು ನಡೆಸಿಕೊಳ್ಳುವ ಕನಿಷ್ಠ ನಿಯಮಗಳು ಅಲ್ಲಿ ಅಂಗೀಕೃತವಾದವು. 1985ರಲ್ಲಿ ಬಾಲಾಪರಾಧಿಗಳ ನ್ಯಾಯವಿಚಾರಣೆಗೆ ಬೀಜಿಂಗ್ ನಿಯಮಗಳೂ, 2010ರಲ್ಲಿ ಸ್ತ್ರೀಕೈದಿಗಳಿಗಾಗಿ ಬ್ಯಾಂಕಾಕ್ ನಿಯಮಗಳೂ ಬಂದವು. ನಮ್ಮ ದೇಶದಲ್ಲಿ 2015ರ ಬಾಲನ್ಯಾಯ ಕಾನೂನು ಮಕ್ಕಳನ್ನು ಸೆರೆಮನೆಗೆ ಹಾಕಬಾರದೆಂದು ವಿಧಿಸುತ್ತದೆ.

ಪ್ರಿಯ ವಿದ್ಯಾರ್ಥಿನಿಯರೇ, ತೊಂಬತ್ತೊಂಬತ್ತನ್ನು ಬಿಟ್ಟು ಕಳೆದುಹೋದ ಒಂದು ಕುರಿಯನ್ನು ಹುಡುಕಿಹೋದ ಕುರುಬನ ಸಾಮ್ಯವನ್ನು ನೀವು ಚಿಕ್ಕಂದಿನಿಂದ ಕೇಳಿದ್ದೀರಿ. ರಾಷ್ಟ್ರಗಳು ಕೂಡಿ ನಿಯಮಗಳನ್ನು ಬರೆಯಬಹುದು. ಆದರೆ ಆ ನಿಯಮವನ್ನು ಕೈಯಲ್ಲಿ ಹಿಡಿದು ಕೇರಿಗೆ ಇಳಿದುಹೋಗುವವರು ಬೇಕು. ನಿಮ್ಮ ತರಗತಿಯಲ್ಲಿಯೂ ಎಲ್ಲರೂ ಕೆಟ್ಟವಳೆಂದು ದೂರವಿಟ್ಟ ಒಬ್ಬಳು ಇರಬಹುದು. ಮೇರಿ ಕಾರ್ಪೆಂಟರಳ ಜೀವಿತವನ್ನು ಓದಿದವರು ನಾಳೆ ಅವಳ ಪಕ್ಕದಲ್ಲಿ ಹೋಗಿ ಕುಳಿತುಕೊಂಡರೆ, ನಾವು ಈ ಲೇಖನವನ್ನು ಬರೆದದ್ದು ಸಾರ್ಥಕವಾಯಿತೆಂದು ಎಣಿಸುವೆವು.