ರಜೆಯಲ್ಲಿ ಕಂಡ ಬೆಳಕು

ಕನ್ನಡದ ಅಧ್ಯಾಪಕನಾದ ನಾನು ಬೆಳಕಿನ ಶಾಸ್ತ್ರಜ್ಞನೊಬ್ಬನ ಜೀವನವನ್ನು ಬರೆಯಹೊರಟರೆ ಓದುಗರು ಹುಬ್ಬೇರಿಸುವುದು ಸಹಜ. ಅದಕ್ಕೊಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದು, ಮುಂದೆ ಹೆಸರಾಂತ ಇಂಜಿನಿಯರಿಂಗ್ ಕಾಲೇಜೊಂದನ್ನು ಸೇರಿದ್ದ ಹುಡುಗನೊಬ್ಬ ತನ್ನ ಕೊನೆಯ ವರ್ಷದಲ್ಲಿ ನನ್ನನ್ನು ಕಾಣಲು ಬಂದ. ಅವನ ಕೈಯಲ್ಲಿ ದೊಡ್ಡ ಸಂಬಳದ ಉದ್ಯೋಗದ ಪತ್ರವಿತ್ತು. ಮನಸ್ಸಿನಲ್ಲಿ ಸಂಶೋಧನೆಯ ಆಸೆಯಿತ್ತು. ತನ್ನ ಕಾಲೇಜಿನಲ್ಲಿ ಯಾರಿಗೆ ಎಷ್ಟು ಸಂಬಳ ಗೊತ್ತಾಯಿತೆಂಬುದು ಎಲ್ಲರಿಗೂ ಬಾಯಿಪಾಠವೆಂದೂ, ಯಾರು ಏನನ್ನು ಹುಡುಕುತ್ತಿದ್ದಾರೆಂದು ಕೇಳುವವರೇ ಇಲ್ಲವೆಂದೂ ಅವನು ನೊಂದುಕೊಂಡ. ಅವನ ಮನೆಯ ಸಾಲದ ಸಂಗತಿಯನ್ನು ನಾನು ಬಲ್ಲೆ. ಉದ್ಯೋಗಕ್ಕೆ ಸೇರು ಎಂದು ನಾನೇ ಹೇಳಿದೆ; ಅವನು ಸೇರಿದ. ಆ ಸಲಹೆ ತಪ್ಪಾಯಿತೆಂದು ಇಂದಿಗೂ ಹೇಳಲಾರೆ. ಸರಿಯಾಯಿತೆಂದು ಹೇಳುವ ಧೈರ್ಯವೂ ನನಗಿಲ್ಲ. ಆ ದಿನಗಳಲ್ಲಿಯೇ, ಫ್ರಾನ್ಸಿನ ವಿಜ್ಞಾನಿ ಅರಾಗೊ ತನ್ನ ಗೆಳೆಯ ಅಗಸ್ಟಿನ್ ಫ್ರೆನೆಲ್ಲನನ್ನು ಕುರಿತು ಬರೆದ ಜೀವನವೃತ್ತಾಂತ ಇಂಗ್ಲಿಷ್ ಅನುವಾದದಲ್ಲಿ ನನ್ನ ಕೈಗೆ ಬಂದಿತು. ಓದುತ್ತ ಹೋದಂತೆ ನನ್ನ ಹಳೆಯ ವಿದ್ಯಾರ್ಥಿಯ ಮುಖ ಮತ್ತೆ ಮತ್ತೆ ಕಣ್ಣಮುಂದೆ ಸುಳಿಯಿತು.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಫ್ರೆನೆಲ್ಲನ ಹೆಸರು ಹೊಸದಲ್ಲ. ಬೆಳಕು ಅಲೆಯಾಗಿ ಸಾಗುತ್ತದೆಂಬ ಮಾತನ್ನು ಗಣಿತದಿಂದಲೂ ಪ್ರಯೋಗದಿಂದಲೂ ನೆಲೆಗೊಳಿಸಿದವರಲ್ಲಿ ಅವನು ಅಗ್ರಗಣ್ಯ. ದೀಪಸ್ತಂಭಗಳಲ್ಲಿ ಬಳೆಬಳೆಯಾಗಿ ಜೋಡಿಸಿದ ಗಾಜಿನ ಮಸೂರ ಅವನ ಹೆಸರನ್ನೇ ಹೊತ್ತಿದೆ. ಆದರೆ ಅವನು ಬಹುಕಾಲ ರಸ್ತೆಗಳನ್ನು ಅಳೆಯುವ ಸರ್ಕಾರಿ ಇಂಜಿನಿಯರನಾಗಿದ್ದನೆಂಬುದೂ, ಅವನ ವಿಜ್ಞಾನದ ಬಹುಭಾಗ ರಜೆಯ ದಿನಗಳಲ್ಲಿ ಹುಟ್ಟಿತೆಂಬುದೂ ಪಠ್ಯಪುಸ್ತಕಗಳಲ್ಲಿ ಕಾಣಸಿಗದು.

ಫ್ರೆನೆಲ್ ಹುಟ್ಟಿದ್ದು 1788ರ ಮೇ 10ರಂದು, ನಾರ್ಮಂಡಿ ಪ್ರಾಂತದ ಬ್ರೊಯ್ ಎಂಬ ಊರಿನಲ್ಲಿ. ತಂದೆ ವಾಸ್ತುಶಿಲ್ಪಿ, ದೈವಭಕ್ತಿ ಮತ್ತು ಕಟ್ಟುನಿಟ್ಟಿನ ನಡೆಗೆ ಹೆಸರಾದ ಮನೆತನ. ಫ್ರಾನ್ಸಿನ ಮಹಾಕ್ರಾಂತಿಯ ಗದ್ದಲದಲ್ಲಿ ಕುಟುಂಬವು ಕಾನ್ ಪಟ್ಟಣದ ಸಮೀಪದ ಮಾತಿಯೊ ಎಂಬ ಹಳ್ಳಿಯಲ್ಲಿ ನೆಲೆಸಿತು. ಹುಡುಗನಿಗೆ ಮೈಯಲ್ಲಿ ಬಲವಿಲ್ಲ. ಭಾಷೆಯ ಪಾಠ ನೆನಪಿನಲ್ಲಿ ನಿಲ್ಲದು. ಎಂಟು ವರ್ಷವಾದರೂ ಓದುವುದೇ ಅವನಿಗೆ ಕಷ್ಟವಾಗಿತ್ತಂತೆ. ಆದರೆ ಮರದ ಕೊಂಬೆಗಳಿಂದ ಆಟದ ಬಿಲ್ಲುಗಳನ್ನು ಮಾಡುವಾಗ ಯಾವ ಮರ, ಎಷ್ಟು ಉದ್ದ, ಎಷ್ಟು ದಪ್ಪವೆಂದು ಅವನು ಪರೀಕ್ಷೆಮಾಡಿ ಮಾಡಿ ನೋಡುತ್ತಿದ್ದನು. ಕೊನೆಗೆ ಅವನ ಬಿಲ್ಲುಗಳು ಆಟಿಕೆಯಾಗಿ ಉಳಿಯದೆ ಅಪಾಯದ ಆಯುಧಗಳಾದುವು. ಹಿರಿಯರು ಸೇರಿ ಅವುಗಳನ್ನು ನಿಷೇಧಿಸಬೇಕಾಯಿತು. ಭಾಷಾಪಾಠದಲ್ಲಿ ಹಿಂದುಳಿದ ಹುಡುಗರನ್ನು ಮಂದಬುದ್ಧಿಯವರೆಂದು ಎಣಿಸುವ ನಮ್ಮಂಥ ಅಧ್ಯಾಪಕರು ಈ ಪ್ರಸಂಗವನ್ನು ಮರೆಯಬಾರದು.

1804ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಅವನು ಪ್ಯಾರಿಸಿನ ಎಕೋಲ್ ಪಾಲಿಟೆಕ್ನಿಕ್ ಕಾಲೇಜಿಗೆ ಆಯ್ಕೆಯಾದನು. ಇಂದಿನ ಜಗತ್ತಿನ ದೊಡ್ಡ ಇಂಜಿನಿಯರಿಂಗ್ ಕಾಲೇಜುಗಳಿಗೆಲ್ಲ ಮೇಲ್ಪಂಕ್ತಿಯಾದ ಶಾಲೆಯಿದು. ಕ್ರಾಂತಿಯ ಸರ್ಕಾರ 1794ರಲ್ಲಿ ಇದನ್ನು ಸ್ಥಾಪಿಸಿತು. ಪ್ರವೇಶವು ಸ್ಪರ್ಧಾಪರೀಕ್ಷೆಯಿಂದ, ಲಗ್ರಾಂಜ್, ಮೋಂಜ್ ಮೊದಲಾದ ಮಹಾಗಣಿತಜ್ಞರು ಇಲ್ಲಿ ಪಾಠ ಹೇಳಿದವರು. ಫ್ರೆನೆಲ್ ಸೇರಿದ ವರ್ಷವೇ ನೆಪೋಲಿಯನ್ ಅದಕ್ಕೆ ಸೈನಿಕಶಿಸ್ತನ್ನು ತೊಡಿಸಿದನು. ಅಲ್ಲಿಂದ ಹೊರಬರುವಾಗ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಸ್ಥಾನಸಂಖ್ಯೆ ದೊರೆಯುತ್ತಿತ್ತು; ಯಾವ ಇಲಾಖೆಯನ್ನು ಸೇರಬಹುದೆಂಬುದು ಆ ಸಂಖ್ಯೆಯನ್ನು ಅವಲಂಬಿಸಿತ್ತು. ಗಣಿ ಇಲಾಖೆ, ರಸ್ತೆ-ಸೇತುವೆಗಳ ಇಲಾಖೆ ಇವು ಮೇಲ್ದರ್ಜೆಯವು. ಸಂಬಳ, ಸಮವಸ್ತ್ರ, ಸಮಾಜದ ಗೌರವ ಮೂರೂ ಅಲ್ಲಿ ಒಟ್ಟಿಗೆ ಸಿಕ್ಕುತ್ತಿದ್ದುವು. ಸಂಶೋಧನೆ ಎಂಬ ಇಲಾಖೆ ಆ ಪಟ್ಟಿಯಲ್ಲಿರಲಿಲ್ಲ. ಫ್ರೆನೆಲ್ ರೇಖಾಗಣಿತದ ಒಂದು ಸಮಸ್ಯೆಯನ್ನು ಬಿಡಿಸಿದ ರೀತಿಯನ್ನು ಕಂಡು ಲೆಜಾಂಡ್ರನಂಥ ಗಣಿತಜ್ಞನೇ ಮೆಚ್ಚಿದನು. ಮೆಚ್ಚಿಕೆ ಮೆಚ್ಚಿಕೆಯಾಗಿಯೇ ಉಳಿಯಿತು. ಹುಡುಗನು 1806ರಲ್ಲಿ ರಸ್ತೆ-ಸೇತುವೆಗಳ ಶಾಲೆಗೆ ಸೇರಿ, 1809ರಲ್ಲಿ ಇಂಜಿನಿಯರನಾಗಿ ಹೊರಬಂದನು.

ಮುಂದಿನ ವರ್ಷಗಳು ರಸ್ತೆಯ ಧೂಳಿನಲ್ಲಿ ಕಳೆದುವು. ಮೊದಲು ವಾಂದೇ ಪ್ರಾಂತದಲ್ಲಿ, 1812ರ ಬಳಿಕ ದಕ್ಷಿಣದ ನಿಯೋನ್ ಎಂಬ ಊರಿನಲ್ಲಿ ಅವನಿಗೆ ಕೆಲಸ. ಸ್ಪೇನಿನಿಂದ ಇಟಲಿಗೆ ಹೋಗುವ ಹೆದ್ದಾರಿಯ ಒಂದು ಭಾಗ ಅವನ ಉಸ್ತುವಾರಿಗೆ ಬಂದಿತು. ಕೂಲಿಯವರ ಲೆಕ್ಕ, ಗುತ್ತಿಗೆದಾರರ ತಕರಾರು ಇವೇ ನಿತ್ಯದ ಊಟ. ಜನರ ಮೇಲೆ ಅಧಿಕಾರ ನಡೆಸುವುದಕ್ಕಿಂತ ಬೇಸರದ ಕೆಲಸ ತನಗೆ ಮತ್ತೊಂದಿಲ್ಲವೆಂದೂ, ಆ ವಿದ್ಯೆ ತನಗೆ ಬಾರದೆಂದೂ ಅವನು ಮನೆಯವರಿಗೆ ಬರೆದುಕೊಂಡಿದ್ದಾನೆ. ಹಾಗೆಂದು ಕೆಲಸದಲ್ಲಿ ಕಳ್ಳತನ ಮಾಡಿದವನಲ್ಲ; ಬಿಡುವಾದಾಗ ಮಾತ್ರ ಬೆಳಕನ್ನು ಕುರಿತು ಯೋಚಿಸುತ್ತಿದ್ದನು.

1814ರಲ್ಲಿ ಅವನು ತಮ್ಮನಿಗೆ ಒಂದು ಕಾಗದ ಬರೆದು, ಬೆಳಕಿನ ಧ್ರುವೀಕರಣವೆಂದರೆ ಏನೆಂದು ವಿಚಾರಿಸಿದನು. ಹಳ್ಳಿಗಾಡಿನಲ್ಲಿ ಕುಳಿತವನಿಗೆ ಪ್ಯಾರಿಸಿನ ವಿದ್ವಾಂಸರು ಚರ್ಚಿಸುತ್ತಿದ್ದ ಆ ಪದದ ಅರ್ಥವೇ ತಿಳಿದಿರಲಿಲ್ಲ. ಇನ್ನು ಏಳು ವರ್ಷಗಳಲ್ಲಿ ಆ ಪದಕ್ಕೆ ನಿಜವಾದ ಅರ್ಥವನ್ನು ಕೊಡುವವನು ಅವನೇ. ಅದೇ ವರ್ಷ ಬೆಳಕನ್ನು ಕುರಿತ ಪ್ರಬಂಧವೊಂದನ್ನು ಬರೆದು, ಸೋದರಮಾವನ ಮೂಲಕ ವಿಜ್ಞಾನಿ ಆಂಪೇರನಿಗೆ ಮುಟ್ಟಿಸಿದನು. ಅದರಿಂದ ಏನೂ ಫಲವಾಗಲಿಲ್ಲ.

ಅವನಿಗೆ ಬಿಡುವನ್ನು ಕೊಟ್ಟದ್ದು ಇಲಾಖೆಯಲ್ಲ, ಆಪತ್ತು. 1815ರಲ್ಲಿ ನೆಪೋಲಿಯನ್ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಬಂದಾಗ, ರಾಜಪಕ್ಷದವನಾಗಿದ್ದ ಫ್ರೆನೆಲ್ ಮೈಯಲ್ಲಿ ಶಕ್ತಿಯಿಲ್ಲದಿದ್ದರೂ ಅವನನ್ನು ತಡೆಯಹೊರಟ ಪಡೆಯನ್ನು ಕೂಡಿಕೊಂಡನು. ಫಲವಾಗಿ ಉದ್ಯೋಗ ಹೋಯಿತು. ಪೋಲೀಸರ ಕಣ್ಗಾವಲು ಬಂದಿತು. ತಾಯಿಯ ಮನೆಯಾದ ಮಾತಿಯೊ ಹಳ್ಳಿಗೆ ಹೋಗಿರಲು ಅಪ್ಪಣೆ ದೊರೆಯಿತು. ಸಂಬಳವಿಲ್ಲದ ಆ ತಿಂಗಳುಗಳಲ್ಲಿ ಅವನು ತನ್ನ ಪ್ರಯೋಗಗಳನ್ನು ಆರಂಭಿಸಿದನು. ಸೂರ್ಯನ ಬೆಳಕನ್ನು ಒಂದು ಬಿಂದುವಿಗೆ ತರಲು ಒಳ್ಳೆಯ ಮಸೂರ ಬೇಕಾಗಿತ್ತು. ತಾಮ್ರದ ತಗಡಿಗೆ ಸಣ್ಣ ರಂಧ್ರ ಕೊರೆದು ಅದರಲ್ಲಿ ಜೇನಿನ ಹನಿಯೊಂದನ್ನು ನಿಲ್ಲಿಸಿದನು. ಅಳತೆಯ ಸಾಧನವನ್ನು ದಾರ ಮತ್ತು ರಟ್ಟಿನಿಂದ ಮಾಡಿಕೊಂಡನು; ಉಳಿದುದನ್ನು ಊರಿನ ಬೀಗದ ಕೆಲಸದವನು ತಯಾರಿಸಿಕೊಟ್ಟನು. ತಂತಿಯ ನೆರಳಿನ ಅಂಚಿನಲ್ಲಿ ಬೆಳಕು ಕತ್ತಲೆಗಳ ಪಟ್ಟೆಗಳು ಏಕೆ ಮೂಡುತ್ತವೆಂಬುದನ್ನು ಈ ಉಪಕರಣಗಳಿಂದ ಅಳೆದು, ಅಲೆಗಳು ಒಂದರ ಮೇಲೊಂದು ಬಂದು ಕೂಡಿದಾಗ ಬೆಳಕೂ ಕಳೆದಾಗ ಕತ್ತಲೆಯೂ ಆಗುತ್ತದೆಂದು ತೋರಿಸಿದನು. ಅದೇ ಅಕ್ಟೋಬರಿನಲ್ಲಿ ಅವನ ಲೇಖನ ಪ್ಯಾರಿಸಿನ ವಿಜ್ಞಾನ ಪರಿಷತ್ತಿಗೆ ತಲುಪಿತು. ಇಂಗ್ಲೆಂಡಿನ ತಾಮಸ್ ಯಂಗ್ ಈ ತತ್ತ್ವವನ್ನು ಮೊದಲೇ ಕಂಡಿದ್ದನೆಂದು ತಿಳಿದಾಗ, ಇಂಗ್ಲಿಷ್ ಬಾರದ ಫ್ರೆನೆಲ್ ಆ ಹಿರಿಮೆಯನ್ನು ಯಂಗನಿಗೆ ಬಿಟ್ಟುಕೊಟ್ಟನು.

ಲೇಖನವನ್ನು ಪರಿಶೀಲಿಸಲು ನೇಮಕವಾದ ಅರಾಗೊ ಅದರ ಬೆಲೆಯನ್ನು ಒಡನೆಯೇ ಅರಿತನು. ಅಷ್ಟರಲ್ಲಿ ನೆಪೋಲಿಯನ್ ಸೋತು, ಫ್ರೆನೆಲ್ಲನಿಗೆ ಉದ್ಯೋಗ ಮರಳಿ ಬಂದಿತ್ತು. ಉದ್ಯೋಗದೊಡನೆ ರಸ್ತೆಯೂ ಬಂದಿತು. ಅರಾಗೊ ಇಲಾಖೆಯವರೊಡನೆ ಮಾತಾಡಿ ರಜೆ ಕೊಡಿಸಿದನು. ರಜೆ ಮುಗಿದೊಡನೆ ರೆನ್ ಪಟ್ಟಣಕ್ಕೆ ಕರೆ. ಬರಗಾಲದ ಕೂಲಿಕೆಲಸಗಳ ಮೇಲ್ವಿಚಾರಣೆ. ಮತ್ತೆ ಬೇಡಿಕೆ, ಮತ್ತೆ ರಜೆ. 1818ರಲ್ಲಿ ಪ್ಯಾರಿಸಿನ ಊರ್ಕ್ ಕಾಲುವೆಯ ಕೆಲಸಕ್ಕೆ ವರ್ಗವಾದ ಮೇಲೆ ಸ್ವಲ್ಪ ನೆಮ್ಮದಿ ದೊರೆಯಿತು. ಉಪಕರಣಗಳ ವೆಚ್ಚದಲ್ಲಿ ಬಹುಭಾಗವನ್ನು ಅವನು ತನ್ನ ಸಂಬಳದಿಂದಲೇ ಭರಿಸುತ್ತಿದ್ದನು.

ಆ ವೇಳೆಗೆ ವಿಜ್ಞಾನ ಪರಿಷತ್ತು ಬೆಳಕಿನ ಬಾಗುವಿಕೆಯನ್ನು ಕುರಿತು ಒಂದು ಬಹುಮಾನವನ್ನು ಸಾರಿತ್ತು. ತೀರ್ಪುಗಾರರು ಐವರು: ಲಪ್ಲಾಸ್, ಬಿಯೋ, ಪ್ವಾಸೋನ್, ಗೇ-ಲುಸಾಕ್, ಅರಾಗೊ. ಮೊದಲ ಮೂವರು ಬೆಳಕು ಕಣಗಳ ಪ್ರವಾಹವೆಂದು ನಂಬಿದವರು. ಪ್ವಾಸೋನ್ ಫ್ರೆನೆಲ್ಲನ ಗಣಿತವನ್ನು ಮುಂದಕ್ಕೊಯ್ದು ಒಂದು ವಿಚಿತ್ರ ಫಲವನ್ನು ಹೊರತೆಗೆದನು: ಈ ಸಿದ್ಧಾಂತ ನಿಜವಾದರೆ ದುಂಡಗಿನ ಬಿಲ್ಲೆಯ ನೆರಳಿನ ನಟ್ಟನಡುವೆ, ಅಡ್ಡವಾಗಿ ಬಿಲ್ಲೆಯೇ ಇಲ್ಲವೆಂಬಷ್ಟು ಪ್ರಕಾಶವಾದ ಚುಕ್ಕೆಯಿರಬೇಕು. ಇದು ಅಸಂಬದ್ಧವೆಂದು ತೋರುವಂತಿತ್ತು. ಅರಾಗೊ ಎರಡು ಮಿಲಿಮೀಟರಿನ ಲೋಹದ ಬಿಲ್ಲೆಯನ್ನು ಗಾಜಿಗೆ ಮೇಣದಿಂದ ಅಂಟಿಸಿ ನೋಡಿದನು. ಚುಕ್ಕೆ ಇದ್ದೇ ಇತ್ತು. 1819ರಲ್ಲಿ ಬಹುಮಾನ ಫ್ರೆನೆಲ್ಲನಿಗೆ ಸಂದಿತು. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಲಪ್ಲಾಸನನ್ನು ಬಿಟ್ಟರೆ ಉಳಿದ ನಾಲ್ವರು ತೀರ್ಪುಗಾರರೂ ಆ ಪಾಲಿಟೆಕ್ನಿಕ್ಕಿನ ಹಳೆಯ ವಿದ್ಯಾರ್ಥಿಗಳೇ. ತಮ್ಮ ನಂಬಿಕೆಗೆ ವಿರುದ್ಧವಾದ ಗಣಿತವನ್ನು ಕೊನೆಯವರೆಗೂ ಪರೀಕ್ಷಿಸಿ, ಸರಿಯೆಂದು ಕಂಡಾಗ ಬಹುಮಾನ ಕೊಡುವ ಪ್ರಾಮಾಣಿಕತೆ ಅವರಲ್ಲಿತ್ತು. ಆ ಶಾಲೆ ಸ್ಥಾನಮಾನವನ್ನು ಮಾತ್ರ ಕಲಿಸಿತೆಂದರೆ ಅನ್ಯಾಯವಾದೀತು.

1821ರಲ್ಲಿ ಅವನು ಇನ್ನೂ ದೊಡ್ಡ ಹೆಜ್ಜೆಯಿಟ್ಟನು. ಶಬ್ದದ ಅಲೆ ತಾನು ಸಾಗುವ ದಿಕ್ಕಿನಲ್ಲಿಯೇ ಹಿಂದೆ ಮುಂದೆ ತೂಗಾಡುತ್ತದೆ; ಬೆಳಕೂ ಹಾಗೆಯೇ ಇರಬೇಕೆಂದು ಎಲ್ಲರೂ ಎಣಿಸಿದ್ದರು. ಬೆಳಕಿನ ತೂಗಾಟ ಸಾಗುವ ದಿಕ್ಕಿಗೆ ಅಡ್ಡವಾಗಿ, ತುದಿ ಹಿಡಿದು ಕುಲುಕಿದ ಹಗ್ಗದಂತೆ, ನಡೆಯುತ್ತದೆಂದು ಫ್ರೆನೆಲ್ ಸಾರಿದನು. ಧ್ರುವೀಕರಣದ ಒಗಟು ಹೀಗೆ ಬಿಡಿಸಿತು. ಜೊತೆಯಲ್ಲಿ ದುಡಿದ ಅರಾಗೊ ಕೂಡ ಈ ಮಾತಿಗೆ ತನ್ನ ಹೆಸರನ್ನು ಸೇರಿಸಲು ಹಿಂಜರಿದನು. ಫ್ರೆನೆಲ್ ಒಬ್ಬನೇ ಅದನ್ನು ಹೊತ್ತು ನಡೆದನು.

ಇಷ್ಟರ ನಡುವೆ, 1819ರಲ್ಲಿ, ಅರಾಗೊ ಅವನನ್ನು ದೀಪಸ್ತಂಭಗಳ ಸಮಿತಿಗೆ ಕರೆತಂದಿದ್ದನು. ಅಂದಿನ ದೀಪಸ್ತಂಭಗಳಲ್ಲಿ ಉರಿಯುತ್ತಿದ್ದ ದೀಪದ ಹಿಂದೆ ಲೋಹದ ಕನ್ನಡಿಯಿರುತ್ತಿತ್ತು. ಬೆಳಕಿನಲ್ಲಿ ಅರ್ಧದಷ್ಟನ್ನು ಆ ಕನ್ನಡಿಯೇ ನುಂಗುತ್ತಿತ್ತು. ದೊಡ್ಡ ಗಾಜಿನ ಮಸೂರವನ್ನಿಡೋಣವೆಂದರೆ ಅದು ದಪ್ಪವಾಗಿ, ಭಾರವಾಗಿ ಬೆಳಕನ್ನು ತಡೆಯುತ್ತಿತ್ತು. ಮಸೂರದಲ್ಲಿ ಬೆಳಕನ್ನು ಬಾಗಿಸುವುದು ಅದರ ಮೇಲ್ಮೈಯೇ ಹೊರತು ಒಡಲಿನ ದಪ್ಪವಲ್ಲ. ಆದ್ದರಿಂದ ಫ್ರೆನೆಲ್ ದಪ್ಪವನ್ನು ತೆಗೆದುಹಾಕಿ, ಮೇಲ್ಮೈಯ ಓರೆಯನ್ನು ಮಾತ್ರ ಉಳಿಸಿಕೊಂಡು, ಗಾಜಿನ ಬಳೆಗಳನ್ನು ಒಂದರ ಸುತ್ತ ಒಂದು ಜೋಡಿಸಿದನು. ಬುಫೋನನಂಥವರು ಇಂಥದನ್ನು ಹಿಂದೆಯೇ ಊಹಿಸಿದ್ದರು. ಸಮುದ್ರದ ಮೇಲೆ ಬೆಳಗುವಂತೆ ಮಾಡಿ ತೋರಿಸಿದವನು ಫ್ರೆನೆಲ್. 1823ರ ಜುಲೈಯಲ್ಲಿ ಜಿರೋಂದ್ ನದಿಯ ಮುಖದ ಕೊರ್ದುವಾನ್ ದೀಪಸ್ತಂಭದಲ್ಲಿ ಅದು ಮೊದಲ ಬಾರಿಗೆ ಬೆಳಗಿತು. ಇಪ್ಪತ್ತು ಮೈಲಿ ದೂರದ ನಾವಿಕರಿಗೂ ಕಂಡಿತು. ಈ ಮಸೂರಕ್ಕೆ ಅಲೆಯ ಸಿದ್ಧಾಂತ ಬೇಕಾಗಿರಲಿಲ್ಲವೆಂಬುದು ನಿಜ. ಬೆಳಕು ಗಾಜಿನಲ್ಲಿ ಬಾಗುವ ಹಳೆಯ ನಿಯಮವೇ ಸಾಕಾಗಿತ್ತು. ಆದರೆ ರಸ್ತೆಯ ಲೆಕ್ಕದಲ್ಲಿಯೇ ಮುಳುಗಿಹೋದ ಇಂಜಿನಿಯರನನ್ನು ಆ ಸಮಿತಿಗೆ ಯಾರೂ ಕರೆಯುತ್ತಿರಲಿಲ್ಲ. ಜೇನುಹನಿಯ ಮುಂದೆ ಕುಳಿತು ವರ್ಷಗಟ್ಟಲೆ ಬೆಳಕಿನೊಡನೆ ಬಾಳಿದವನೆಂದೇ ಅವನನ್ನು ಕರೆದರು. ಇಲಾಖೆ ಒಲ್ಲದ ಮನಸ್ಸಿನಿಂದ ಕೊಟ್ಟ ರಜೆ ಲೋಕದ ಹಡಗುಗಳಿಗೆ ದಾರಿದೀಪವಾಗಿ ಮರಳಿತು.

1823ರಲ್ಲಿ ವಿಜ್ಞಾನ ಪರಿಷತ್ತು ಒಮ್ಮತದಿಂದ ಅವನನ್ನು ಸದಸ್ಯನನ್ನಾಗಿ ಆರಿಸಿತು. ಆದರೆ ಸಂಶೋಧನೆಗೆಂದೇ ಸಂಬಳ ಕೊಡುವ ಸ್ಥಿರವಾದ ಹುದ್ದೆ ಅವನಿಗೆ ಕೊನೆಯವರೆಗೂ ದೊರೆಯಲಿಲ್ಲ. ವರಮಾನಕ್ಕಾಗಿ ತಾನು ಓದಿದ ಪಾಲಿಟೆಕ್ನಿಕ್ಕಿನಲ್ಲಿಯೇ ಪರೀಕ್ಷಕನ ಕೆಲಸವನ್ನು ಒಪ್ಪಿಕೊಂಡಿದ್ದನು. ದಿನಗಟ್ಟಲೆ ಕುಳಿತು ಹುಡುಗರನ್ನು ತೂಗಿ ಸ್ಥಾನ ಕೊಡುವ ಆ ದುಡಿಮೆ, ಯಾರಿಗೆ ಅನ್ಯಾಯವಾದೀತೋ ಎಂಬ ಆತಂಕ, ಇವು ಕ್ಷಯರೋಗ ಹಿಡಿದಿದ್ದ ದೇಹವನ್ನು ಇನ್ನಷ್ಟು ಸೊರಗಿಸಿದುವು. 1824ರಲ್ಲಿ ರಕ್ತ ಕಾರಿದ ಮೇಲೆ ಆ ಕೆಲಸವನ್ನು ಬಿಟ್ಟು, ಉಳಿದ ಶಕ್ತಿಯನ್ನು ದೀಪಸ್ತಂಭಗಳಿಗೆ ಮೀಸಲಿಟ್ಟನು. ಹೊಗಳಿಕೆಯ ಆಸೆ ತನ್ನಲ್ಲಿ ಬಹಳ ಮಟ್ಟಿಗೆ ಮೊಂಡಾಗಿದೆಯೆಂದೂ, ಸತ್ಯವೊಂದು ಹೊಳೆದಾಗ ಆಗುವ ಸಂತೋಷಕ್ಕೆ ಯಾವ ಪ್ರಶಂಸೆಯೂ ಸಮವಲ್ಲವೆಂದೂ ಅದೇ ವರ್ಷ ಯಂಗನಿಗೆ ಬರೆದ ಕಾಗದದಲ್ಲಿ ಅವನು ತಿಳಿಸಿದ್ದಾನೆ. ಇಂಗ್ಲೆಂಡಿನ ರಾಯಲ್ ಸೊಸೈಟಿ ಕೊಟ್ಟ ರಮ್‌ಫರ್ಡ್ ಪದಕವನ್ನು ಅರಾಗೊ ತಂದು ಕೈಗಿತ್ತಾಗ ಅವನು ಮರಣಶಯ್ಯೆಯಲ್ಲಿದ್ದನು. 1827ರ ಜುಲೈ 14ರಂದು ಪ್ಯಾರಿಸಿನ ಬಳಿಯ ವಿಲ್-ದಾವ್ರೆಯಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಫ್ರೆನೆಲ್ ತೀರಿಕೊಂಡನು. ದೀಪಸ್ತಂಭಗಳ ಕೆಲಸವನ್ನು ತಮ್ಮ ಲಿಯೊನೋರ್ ಮುಂದುವರಿಸಿದನು.

ದೊಡ್ಡ ಇಂಜಿನಿಯರಿಂಗ್ ಕಾಲೇಜುಗಳು ಸಂಶೋಧನೆಗಿಂತ ಸಂಬಳವನ್ನೂ ಸ್ಥಾನವನ್ನೂ ಹೆಚ್ಚಾಗಿ ಕಾಣುತ್ತವೆಯೇ ಎಂಬುದು ನನ್ನ ವಿದ್ಯಾರ್ಥಿಯ ಪ್ರಶ್ನೆಯಾಗಿತ್ತು. ಫ್ರೆನೆಲ್ಲನ ಜೀವನ ಇದಕ್ಕೆ ಒಂದೇ ಮಾತಿನ ಉತ್ತರವನ್ನು ಕೊಡುವುದಿಲ್ಲ. ಗಣಿತವನ್ನು ಕೊಟ್ಟದ್ದು ಕಾಲೇಜು; ಕೈಹಿಡಿದ ಅರಾಗೊ ಅದೇ ಕಾಲೇಜಿನವನು. ಸ್ಥಾನಸಂಖ್ಯೆ ಕೊಟ್ಟು ರಸ್ತೆಗೆ ಕಳುಹಿಸಿದ್ದೂ ಅದೇ ವ್ಯವಸ್ಥೆ. ಸಂಬಳವನ್ನು ನಾನು ಹಳಿಯಲಾರೆ. ಫ್ರೆನೆಲ್ಲನ ಪ್ರಯೋಗಗಳು ನಡೆದದ್ದು ಅವನ ಸಂಬಳದ ಹಣದಿಂದಲೇ. ಕೊರತೆಯಾದದ್ದು ಬಿಡುವು. ಒಬ್ಬ ಅರಾಗೊ ಬಾಗಿಲಿಂದ ಬಾಗಿಲಿಗೆ ಹೋಗಿ ಅದನ್ನು ಬೇಡಿ ತರಬೇಕಾಯಿತು. ಅರಾಗೊ ಸಿಕ್ಕದೆ ರಸ್ತೆಯ ಧೂಳಿನಲ್ಲಿಯೇ ಮರೆಯಾದ ಫ್ರೆನೆಲ್‌ಗಳೆಷ್ಟೋ, ಅವರ ಜೀವನವನ್ನು ಬರೆಯುವವರಿಲ್ಲ.

ಅಂದು ನನ್ನ ಬಳಿಗೆ ಬಂದ ಹುಡುಗನಿಗೆ ಉದ್ಯೋಗಕ್ಕೆ ಸೇರು ಎಂದಷ್ಟೇ ಹೇಳಿ ಕಳುಹಿಸಿದೆ. ಅವನಿಗೆ ಬೇಕಾಗಿದ್ದ ಅರ್ಧ ಉತ್ತರವನ್ನು ನಾನು ಕೊಡಲಿಲ್ಲ. ಉದ್ಯೋಗದಲ್ಲಿರುವಾಗಲೂ ಹುಡುಕಾಟವನ್ನು ಬಿಡಬೇಡ, ಅದಕ್ಕೆ ಬೇಕಾದ ಬಿಡುವನ್ನು ನಾಚದೆ ಕೇಳು, ನೀನು ಮೇಲಿನ ಸ್ಥಾನಕ್ಕೆ ಬಂದಾಗ ಕೆಳಗಿನವನು ಕೇಳಿದರೆ ಇಲ್ಲವೆನ್ನಬೇಡ, ಎಂದು ಹೇಳಬೇಕಾಗಿತ್ತು. ಈ ವಾರ ಅವನಿಗೆ ಒಂದು ಕಾಗದ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.