ಉಯಿಲಿನ ಸತ್ಯ ಮತ್ತು ನ್ಯಾಯಮೂರ್ತಿ ಗಜೇಂದ್ರಗಡಕರ್

ಉಯಿಲು ಬರೆದವರು ಗತಿಸಿದ ಮೇಲೆಯೇ ಅದರ ಸತ್ಯಾಸತ್ಯತೆಯ ವಿಚಾರಣೆ ನಡೆಯುತ್ತದೆ. ಕ್ರಯಪತ್ರ ಬರೆದುಕೊಟ್ಟವರನ್ನು ಸಾಕ್ಷಿಕಟ್ಟೆಗೆ ಕರೆಯಬಹುದು. ಉಯಿಲು ಬರೆದವರನ್ನು ಕರೆಯಲಾಗದು. ಈ ತೊಡಕಿಗೆ ಭಾರತೀಯ ನ್ಯಾಯಶಾಸ್ತ್ರದಲ್ಲಿ ಖಚಿತ ಮಾನದಂಡವನ್ನು ರೂಪಿಸಿದವರು ಪ್ರಹ್ಲಾದ ಬಾಲಾಚಾರ್ಯ ಗಜೇಂದ್ರಗಡಕರ್.

ಅವರು 1901ರ ಮಾರ್ಚ್ 16ರಂದು ಸಾತಾರೆಯಲ್ಲಿ ಜನಿಸಿದರು. ಮನೆತನದ ಹಿರಿಯರು ಗಜೇಂದ್ರಗಡದವರು. ಸಂಸ್ಕೃತ ಪಾಂಡಿತ್ಯ ಮನೆಯ ಆಸ್ತಿ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ಓದಿ, ಬಳಿಕ ಪುಣೆಯಲ್ಲಿ ಶಿಕ್ಷಣ ಮುಗಿಸಿ, 1926ರಲ್ಲಿ ಮುಂಬಯಿಯಲ್ಲಿ ವಕೀಲಿ ಆರಂಭಿಸಿದರು. ದತ್ತಕ ವಿಧಿಯನ್ನು ಕುರಿತ 'ದತ್ತಕ ಮೀಮಾಂಸಾ' ಗ್ರಂಥವನ್ನು ಸಂಪಾದಿಸಿದರು. 1945ರಲ್ಲಿ ಮುಂಬಯಿ ಹೈಕೋರ್ಟಿಗೂ 1957ರಲ್ಲಿ ಸುಪ್ರೀಂ ಕೋರ್ಟಿಗೂ ನ್ಯಾಯಾಧೀಶರಾದರು.

ಮೈಸೂರು ಸೀಮೆಯ ವೆಂಕಟಾಚಲ ಅಯ್ಯಂಗಾರ್ ಪ್ರಕರಣ ಅವರ ಮುಂದೆ ಬಂದದ್ದು ಇದಾದ ಮರುವರ್ಷ. ವೃದ್ಧೆಯೊಬ್ಬರು 1945ರಲ್ಲಿ ಬರೆದರೆನ್ನಲಾದ ಉಯಿಲನ್ನು ಅದರ ಏಕೈಕ ನಿರ್ವಾಹಕರು ಮುಂದಿಟ್ಟಿದ್ದರು. ಉಯಿಲು ಸಿದ್ಧವಾಗುವಲ್ಲಿ ಅವರದೇ ಮುಖ್ಯ ಪಾತ್ರ. ಗಣನೀಯ ಪಾಲೊಂದು ಅವರ ಮಕ್ಕಳಿಗೆ ಸಲ್ಲುತ್ತಿತ್ತು. ಕೆಳ ನ್ಯಾಯಾಲಯ ಉಯಿಲನ್ನು ಒಪ್ಪಿತ್ತು, ಹೈಕೋರ್ಟು ತಿರಸ್ಕರಿಸಿತ್ತು. 1958ರ ನವೆಂಬರ್ 13ರ ತೀರ್ಪಿನಲ್ಲಿ ಗಜೇಂದ್ರಗಡಕರ್ ಹೈಕೋರ್ಟಿನ ನಿರ್ಣಯವನ್ನೇ ಎತ್ತಿಹಿಡಿದರು.

ಸಹಿ ನಿಜವೆಂದು ತೋರಿದೊಡನೆ ಉಯಿಲು ನಿಜವಾಗುವುದಿಲ್ಲ ಎಂಬುದು ಈ ತೀರ್ಪಿನ ತಿರುಳು. ನಡುಗುವ ಸಹಿ, ದುರ್ಬಲ ಮನಸ್ಸು, ಸಹಜ ವಾರಸುದಾರರನ್ನು ಅಕಾರಣವಾಗಿ ಬಿಟ್ಟ ಹಂಚಿಕೆ, ಲಾಭ ಪಡೆಯುವವರ ಮುಂದಾಳುತನ ಇವು ಸಂಶಯಕ್ಕೆ ಎಡೆಕೊಡುತ್ತವೆ. ಅವನ್ನು ನಿವಾರಿಸಿ ನ್ಯಾಯಾಲಯದ ಅಂತಃಸಾಕ್ಷಿಗೆ ಸಮಾಧಾನ ತರುವ ಹೊಣೆ ಉಯಿಲನ್ನು ಮುಂದಿಡುವವರದು. ಆದರೆ ಗಣಿತದ ನಿಖರತೆಯನ್ನು ಅವರು ಕೇಳಲಿಲ್ಲ. ವಿವೇಕಿಗೆ ಒಪ್ಪಿಗೆಯಾಗುವಷ್ಟು ಪುರಾವೆ ಸಾಕೆಂದರು.

ಹಳೆಯ ಮೈಸೂರು ಭಾಗದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಾಗಿರಲಿಲ್ಲವಾದ್ದರಿಂದ ಅದರ ಪರೀಕ್ಷೆ ಸಾಮಾನ್ಯವಾಗಿ ಸಿವಿಲ್ ದಾವೆಯಲ್ಲೇ ನಡೆಯುತ್ತಿತ್ತು. ಹೀಗಾಗಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಜಮೀನು ವ್ಯಾಜ್ಯಗಳಿಗೂ ಈ ತತ್ತ್ವವೇ ಅನ್ವಯ. ಇಬ್ಬರು ಸಾಕ್ಷಿಗಳ ದೃಢೀಕರಣ ಬೇಕು. ಅವರಲ್ಲಿ ಬದುಕಿರುವ ಒಬ್ಬರನ್ನಾದರೂ ವಿಚಾರಿಸಬೇಕು. ನೋಂದಣಿಯೊಂದೇ ಸಂಶಯವನ್ನು ಅಳಿಸದು. ಕೊನೆಗಾಲದಲ್ಲಿ ತಂದೆಯನ್ನು ಸಲಹಿದ ಮಗಳೇ ಅವನನ್ನು ನೋಂದಣಿ ಕಚೇರಿಗೆ ಕರೆದೊಯ್ದಿದ್ದರೆ, ಅವಳ ಆರೈಕೆಯೇ ಅವಳ ಮೇಲಿನ ಆಕ್ಷೇಪವಾಗಬಹುದು. ಈ ಕಾಠಿಣ್ಯ ತೀರ್ಪಿನಲ್ಲಿದೆ. ಸಮಂಜಸ ವಿವರಣೆ ಕೊಟ್ಟು ಅದನ್ನು ದಾಟುವ ದಾರಿಯೂ ಅದರಲ್ಲಿಯೇ ಇದೆ.

ಗಜೇಂದ್ರಗಡಕರ್ 1964ರ ಫೆಬ್ರವರಿಯಿಂದ 1966ರ ಮಾರ್ಚ್‌ವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ಬಳಿಕ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಗಳಾಗಿ, 1971ರಿಂದ ಕಾನೂನು ಆಯೋಗದ ಅಧ್ಯಕ್ಷರಾಗಿ ದುಡಿದರು. 1972ರಲ್ಲಿ ಪದ್ಮವಿಭೂಷಣ ಸಂದಿತು. 1981ರ ಜೂನ್ 12ರಂದು ನಿಧನರಾದರು. ಸಾಕ್ಷ್ಯ ಕಾಯಿದೆಯ ಸ್ಥಾನಕ್ಕೆ 2024ರಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ; ಆದರೂ ಮಾತನಾಡಲಾರದ ಮೃತರ ಇಚ್ಛೆಯನ್ನು ಅರಸುವ ನ್ಯಾಯಾಧೀಶರಿಗೆ 1958ರ ಆ ತೀರ್ಪು ಆಧಾರವಾಗಿಯೇ ಉಳಿದಿದೆ.